ಎಡಗಡೆಯಿಂದ ಬಂದ ಚೆಂಡು

ಮೊರೆನಿತ್ಸ ಎಲ್ಲಿದೆ ಅಂತ ಕೇಳಿದರೆ ದಾಕ್ಷಾಯಿಣಿಗೆ ಇವತ್ತಿಗೂ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಬರುವುದಿಲ್ಲ. ರೊಮೇನಿಯಾ ದೇಶ, ಅದರೊಳಗೊಂದು ಸಿಮೆಂಟ್ ಫ್ಯಾಕ್ಟರಿ ಊರು, ಅಷ್ಟು ಗೊತ್ತು. ಆದರೆ ಆ ಊರಿನ ಫುಟ್‌ಬಾಲ್ ಮೈದಾನದಲ್ಲಿ, ಗೋಲಿನ ಹಿಂದಿನ ಕಟ್ಟಡದ ಮೂರನೇ ಮಹಡಿಯ ಹೆಂಗಸು ಯಾವ ವಾರ ಯಾವ ಬೆಡ್‌ಶೀಟ್ ಒಣಹಾಕಿದ್ದಳು ಅಂತ ಕೇಳಿ, ತಡವರಿಸದೆ ಹೇಳುತ್ತಾಳೆ. ಏಳು ವರ್ಷ ನೋಡಿದ್ದಾಳಲ್ಲ, ಚೆನ್ನೈನ ಶೋಳಿಂಗನಲ್ಲೂರಿನ ಆಫೀಸೊಂದರ ಆರನೇ ಮಹಡಿಯಲ್ಲಿ, ಏಸಿಯ ಚಳಿಗೆ ಶಾಲು ಹೊದ್ದುಕೊಂಡು.

ಇದೂ ಒಂದು ಕೆಲಸವೇ ಅಂತ ಮೂಗು ಮುರಿಯಬೇಡಿ. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಚೆಂಡು ಒದ್ದರೂ ಅದನ್ನು ಕೂತು ದಾಖಲು ಮಾಡುವವರು ಬೇಕು, ದಾಖಲಾದದ್ದನ್ನು ಕೊಳ್ಳುವ ಬೆಟ್ಟಿಂಗ್ ಕಂಪನಿಗಳಿವೆ. ಮ್ಯಾಚ್ ಮುಗಿದ ಮಾರನೇ ಬೆಳಿಗ್ಗೆ ವಿಡಿಯೋ ಬರುತ್ತದೆ. ಒಂದೊಂದು ಒದೆತಕ್ಕೂ ಒಂದೊಂದು ಗುಂಡಿ ಒತ್ತಬೇಕು: ಯಾರು, ಎಲ್ಲಿಂದ, ಯಾರಿಗೆ. ಒಂದೂವರೆ ಗಂಟೆಯ ಆಟ ಇಡೀ ದಿನವನ್ನು ನುಂಗುತ್ತದೆ. ಮೊರೆನಿತ್ಸದಲ್ಲಿ ಇರುವುದು ಒಂದೇ ಕ್ಯಾಮೆರಾ, ಅದೂ ಗಾಳಿಗೆ ಅಲ್ಲಾಡುವ ಕಂಬದ ಮೇಲೆ. ಬೆನ್ನಿನ ನಂಬರು ಕಾಣದು. ಅದಕ್ಕೇ ಒಬ್ಬರಿಗೆ ಒಂದೇ ಟೀಮು, ವರ್ಷಗಟ್ಟಲೆ. ನಡಿಗೆ ನೋಡಿಯೇ ಆಟಗಾರನನ್ನು ಗುರುತು ಹಿಡಿಯಬೇಕು. ದಾಕ್ಷಾಯಿಣಿ ಕಲಬುರಗಿಯ ಬಟ್ಟೆ ಅಂಗಡಿಯವರ ಮಗಳು. ಮದುವೆಯಾಗಿ ವೇಲಚೇರಿಗೆ ಬರುವ ತನಕ ಒಂದು ಟೀಮಿನಲ್ಲಿ ಎಷ್ಟು ಜನ ಆಡುತ್ತಾರೆ ಅನ್ನುವುದೂ ಗೊತ್ತಿರಲಿಲ್ಲ. ಹೊಸಬಳೆಂದು ಯಾರಿಗೂ ಬೇಡದ ಟೀಮನ್ನು ಅವಳ ತಲೆಗೆ ಕಟ್ಟಿದರು. ಮೂರನೇ ದರ್ಜೆಯ ಲೀಗು, ಇನ್ನೂರು ಜನ ಪ್ರೇಕ್ಷಕರು, ಒಂದು ನಾಯಿ.

ಆ ಟೀಮು ಮೇಲೇರಿತು ನೋಡಿ. ಎರಡನೇ ವರ್ಷ ಎರಡನೇ ದರ್ಜೆಗೆ, ನಾಲ್ಕನೇ ವರ್ಷ ಮೊದಲನೇ ದರ್ಜೆಗೆ. ಫ್ಯಾಕ್ಟರಿಯ ಯಜಮಾನ ಹೊಸ ಸ್ಟ್ಯಾಂಡ್ ಕಟ್ಟಿಸಿದ. ಇನ್ನೂರು ಜನ ಇದ್ದದ್ದು ಆರು ಸಾವಿರವಾಯಿತು. ಮೊದಲು ಗೇಲಿ ಮಾಡಿದ್ದ ಸಹೋದ್ಯೋಗಿಗಳೇ ಅವಳ ಕುರ್ಚಿಯ ಹಿಂದೆ ನಿಂತು ಇಣುಕತೊಡಗಿದರು. ಕಪ್‌ನ ಸೆಮಿಫೈನಲ್ ತಲುಪಿದ ದಿನ ದಾಕ್ಷಾಯಿಣಿ ಮೈಸೂರ್ ಪಾಕ್ ತಂದು ಇಡೀ ಮಹಡಿಗೆ ಹಂಚಿದಳು. ಅವಳ ಗಂಡ ಶಿವಕಿರಣ್ ನಗುತ್ತಿದ್ದ, "ನಿನಗೇನು ಅವರು ನೆಂಟರಾ?" ಅಂತ.

ನೆಂಟರೇ ಆಗಿಬಿಟ್ಟಿದ್ದರು, ಅದರಲ್ಲೂ ಗೋಲ್‌ಕೀಪರ್ ಓನಿಸಿಮ್. ಮೂರನೇ ದರ್ಜೆಯಿಂದಲೂ ಅವನೇ. ಬೆಟ್ಟದಂಥ ಆಳು, ಸಿಮೆಂಟ್ ಮೂಟೆ ಹೊತ್ತು ಬೆಳೆದವನು ಅಂತ ಎಲ್ಲೋ ಓದಿದ್ದಳು. ಆಟ ಶುರುವಾಗುವ ಮುಂಚೆ ಎರಡು ಕಂಬಗಳನ್ನೂ ಮುಟ್ಟಿ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದ. ಅವನಿಗೆ ಮೂವತ್ತೆಂಟು ತುಂಬಿದ ಮೇಲೆ ಆಫೀಸಿನಲ್ಲಿ ಅವನ ಹೆಸರೇ ತಾತ ಅಂತಾಯಿತು.

ಏರಿದ್ದು ಇಳಿಯಲು ಅಷ್ಟು ಕಾಲ ಹಿಡಿಯಲಿಲ್ಲ. ಐದನೇ ವರ್ಷ ಫ್ಯಾಕ್ಟರಿ ಮುಚ್ಚಿತು, ಯಜಮಾನ ಕೈಯೆತ್ತಿದ, ಒಳ್ಳೆಯ ಆಟಗಾರರನ್ನೆಲ್ಲ ಮಾರಿದರು. ಟೀಮು ಎರಡನೇ ದರ್ಜೆಗೆ ಜಾರಿ ಅಲ್ಲೂ ತಳ ಹಿಡಿಯಿತು. ಊರಿನ ಪುರಸಭೆ ಕೊಡುವ ಅನುದಾನದಲ್ಲಿ ಹೇಗೋ ಉಸಿರಾಡುತ್ತಿತ್ತು. ಏಳನೇ ವರ್ಷದ ಜುಲೈನಲ್ಲಿ ಗೋಲಿನ ಮುಂದೆ ಎಡಗಡೆ ಕಾಯುವ ಲೆಫ್ಟ್ ಬ್ಯಾಕ್ ಕೂಡ ಬೇರೆ ಊರಿಗೆ ಹೋದ. ಹಳಬರಲ್ಲಿ ಉಳಿದವನು ತಾತ ಒಬ್ಬನೇ.

ಆಗಸ್ಟಿನಿಂದ ಅವಳಿಗೆ ಏನೋ ಇರುಸುಮುರುಸು. ಐದು ಮ್ಯಾಚಿನಲ್ಲಿ ಏಳು ಗೋಲು, ಏಳೂ ಓನಿಸಿಮ್‌ನ ಎಡಗಡೆಯಿಂದ. ಬಲಗಡೆ ಬಂದ ಚೆಂಡನ್ನು ಮೊದಲಿನಂತೆಯೇ ಬಾಚಿಕೊಳ್ಳುತ್ತಾನೆ. ಎಡಗಡೆ ಬಂದರೆ ಕಂಬದಂತೆ ನಿಲ್ಲುತ್ತಾನೆ, ಚೆಂಡು ದಾಟಿದ ಮೇಲೆ ಬೀಳುತ್ತಾನೆ. ವಯಸ್ಸಾದರೆ ಎರಡೂ ಕಡೆ ಆಗಬೇಕಲ್ಲ? ಒಂದೇ ಕಡೆ ಅಂದರೆ ಯಾರದೋ ದುಡ್ಡು ತಿಂದು ಬೇಕೆಂದೇ ಬಿಡುತ್ತಿದ್ದಾನೆ. ಅವನ ಮೈ ಅವಳಿಗೆ ಅವನ ಹೆಂಡತಿಗಿಂತ ಚೆನ್ನಾಗಿ ಗೊತ್ತು. ಇದು ಅವನ ಮೈಯಲ್ಲ. ಬಿಟ್ಟ ಗೋಲಿಗೆ ಸಾಫ್ಟ್‌ವೇರ್ ಕೊಡುವ ಕಾರಣಗಳು ಮೂರೇ: ತಪ್ಪು, ಗಾಯ, ಅಸಹಜ. ತಪ್ಪು ಏಳು ಸಲ ಒಂದೇ ಕಡೆ ಆಗದು. ಗಾಯವಿಲ್ಲ. ಎರಡು ದಿನ ಊಟ ಸೇರಲಿಲ್ಲ ಅವಳಿಗೆ. ಮೋಸ ತನಗೇ ಆದಂತೆ ಉರಿದುಕೊಂಡಳು. ಮೂರನೇ ದಿನ ಏಳೂ ಗೋಲುಗಳನ್ನು ಜೋಡಿಸಿ 'ಅಸಹಜ' ಅಂತ ಗುರುತು ಹಾಕಿದಳು.

ಅವಳ ಟೀಮ್ ಲೀಡ್ ಪ್ರತಾಪ್ ಮೈಸೂರು ಕಡೆಯವನು, ಕೆಟ್ಟವನೇನಲ್ಲ. ಹದಿನಾಲ್ಕು ಜನರ ಕೆಲಸ ಅವನ ಹೆಗಲ ಮೇಲಿತ್ತು. "ಬಂಗಾರ ತೆಗೆದಿದೀರ ಮೇಡಂ," ಅಂದ. ಅವಳ ಗುರುತು ಯೂರೋಪಿನ ಹೆಡ್ ಆಫೀಸಿಗೆ ಹೋಯಿತು, ಅಲ್ಲಿಂದ ಲೀಗಿನ ವಿಚಾರಣಾ ಸಮಿತಿಗೆ. ಓನಿಸಿಮ್‌ನನ್ನು ಅಮಾನತು ಮಾಡಿದರು. ನವೆಂಬರ್ ಕೊನೆಯ ಶುಕ್ರವಾರ ವಿಚಾರಣೆ. ದಾಕ್ಷಾಯಿಣಿಗೆ ಸೀನಿಯರ್ ಪಟ್ಟ ಬಂತು.

ಆ ಶುಕ್ರವಾರಕ್ಕೆ ಹತ್ತು ದಿನ ಮುಂಚೆ, ಬೆಳಿಗ್ಗೆ, ಅವಳ ಅತ್ತೆ ಜಗದೇವಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಎಡಗಡೆ ಇಟ್ಟ ಹಿಟ್ಟಿನ ಡಬ್ಬಿಗೆ ಕೈ ಚಾಚಿದರು, ಸಿಗಲಿಲ್ಲ. ಗಲ್ಲವನ್ನು ಹೆಗಲಿಗೆ ತಾಗಿಸಿ, ಕೋಳಿ ನೋಡುವ ಹಾಗೆ ಇಡೀ ತಲೆ ಹೊರಳಿಸಿ ನೋಡಿದರು. ಆಗ ಸಿಕ್ಕಿತು. ಆ ಹೊರಳು ದಾಕ್ಷಾಯಿಣಿಗೆ ಗೊತ್ತಿತ್ತು. ಎಡಮೂಲೆಯಿಂದ ಬರುವ ಪ್ರತಿ ಕಾರ್ನರ್ ಒದೆತಕ್ಕೂ ಓನಿಸಿಮ್ ಹೀಗೇ ಮಾಡುತ್ತಿದ್ದ.

"ಅತ್ತಿ, ಎಡಗಣ್ಣು ಕಾಣಂಗಿಲ್ಲೇನ್ರಿ?"

"ಕಾಣ್ತದ," ಅಂದರು ಜಗದೇವಿ. ಬಡಿದ ರೊಟ್ಟಿ ಹಂಚಿಗೆ ಹಾಕಿ, "ಎದುರಿಗಿದ್ರ ಕಾಣ್ತದ," ಅಂದರು.

ಅವತ್ತೇ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಗ್ಲಾಕೋಮಾ, ಎಡಗಣ್ಣಿನ ಮುಕ್ಕಾಲು ನೋಟ ಹೋಗಿತ್ತು, ಹೋದದ್ದು ಬರುವುದಿಲ್ಲ. ಮೊದಲು ಪಕ್ಕದ ನೋಟ ಸಾಯುತ್ತದೆ, ನೋವಿಲ್ಲ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ ಅಂದರು ಡಾಕ್ಟರು. ವಾಪಸು ಬರುವಾಗ ಆಟೋದಲ್ಲಿ ಅವಳು ಅತ್ತೆಯ ಕೈ ಹಿಡಿದು ಕೇಳಿದಳು, "ಎರಡು ವರ್ಷದಿಂದ ಹಿಂಗ ಅದ ಅಂತೀರಿ. ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಒಲಿ ಮುಂದ ಬಿಡ್ತಿದ್ರೇನು ನನ್ನ?" ಅಂದರು ಜಗದೇವಿ. "ಒಂದು ಮೂಲ್ಯಾಗ ಕುಂದರಿಸ್ತಿದ್ರಿ. ನಂಗ ಅದೊಂದೇ ಕೆಲಸ ಬರ್ತದವ್ವ."

ಮಾರನೇ ದಿನ ಆಫೀಸಿನಲ್ಲಿ ಎರಡು ವರ್ಷದ ವಿಡಿಯೋಗಳನ್ನು ಹಿಂದಕ್ಕೆ ಓಡಿಸಿ ನೋಡಿದಳು. ಓನಿಸಿಮ್ ತಲೆ ಹೊರಳಿಸುವುದು ಮೊದಲಿನಿಂದ ಇತ್ತು. ಆದರೆ ಆಗೆಲ್ಲ ಲೆಫ್ಟ್ ಬ್ಯಾಕ್ ಎರಡು ಹೆಜ್ಜೆ ಹಿಂದೆ, ಗೋಲಿಗೆ ಅಂಟಿಕೊಂಡೇ ನಿಲ್ಲುತ್ತಿದ್ದ, ಓನಿಸಿಮ್ ಕಡೆ ತಿರುಗಿ ಅವನ ಬಾಯಿ ಸದಾ ಆಡುತ್ತಿತ್ತು. 'ಸ್ಥಾನ ಬಿಟ್ಟು ಹಿಂದೆ ನಿಂತಿದ್ದಾನೆ' ಅಂತ ಅವಳೇ ನೂರು ಸಲ ದಾಖಲಿಸಿದ್ದಳು. ಅವನು ಹೋದ ಮೇಲೆ ಗೋಲುಗಳು ಶುರುವಾಗಿದ್ದವು. ಅಯ್ಯೋ, ನಾನೇನು ಮಾಡಿಬಿಟ್ಟೆ ಅಂತ ಅವಳಿಗೆ ಕೂತಲ್ಲೇ ಅಳು ಬಂತು. ಒಬ್ಬ ಕುರುಡಾಗುತ್ತಿದ್ದ ಮನುಷ್ಯನನ್ನು ಕಳ್ಳ ಅಂತ ಬರೆದಿದ್ದಳು.

"ಅವರು ಕಳ್ಳ ಅಲ್ಲ ಪ್ರತಾಪ್. ಕಣ್ಣು ಕಾಣಲ್ಲ ಅವರಿಗೆ. ನನ್ನ ಗುರುತು ವಾಪಸ್ ತಗೋತೀನಿ."

ಪ್ರತಾಪ್ ವಿಡಿಯೋ ನೋಡಿದ, ಮೂರು ಸಲ ನೋಡಿದ. ಅವನಿಗೂ ಕಂಡಿತು, ಅವಳಿಗೆ ಖಾತ್ರಿ. "ನೀವು ಕಣ್ಣಿನ ಡಾಕ್ಟರಾ ಮೇಡಂ?" ಅಂದ ಕೊನೆಗೆ. "ನಮ್ಮ ಗುರುತು ತಪ್ಪಾಯ್ತು ಅಂತ ನಾವೇ ಬರೆದುಕೊಟ್ರೆ ಜನವರಿಯಲ್ಲಿ ಹೆಡ್ ಆಫೀಸ್ ನಮ್ಮ ಕಾಂಟ್ರಾಕ್ಟ್ ಉಳಿಸಲ್ಲ. ಹದಿನಾಲ್ಕು ಮನೆ. ನಿಮ್ಮದೂ ಸೇರಿ. ಸಮಿತಿ ಅವನನ್ನ ಕೇಳುತ್ತೆ, ಅವನೇ ಹೇಳ್ಕೊಳ್ಳಲಿ ಬಿಡಿ."

ಅವಳು ಬಿಡಲಿಲ್ಲ. ಕ್ಲಬ್ಬಿನ ಪುಟ ಹುಡುಕಿ, ಆಫೀಸಿನ ನಿಯಮಕ್ಕೆಲ್ಲ ಎಳ್ಳುನೀರು ಬಿಟ್ಟು, ನೇರ ಬರೆದಳು. ನಾನು ಚೆನ್ನೈನಲ್ಲಿ ನಿಮ್ಮ ಆಟ ದಾಖಲು ಮಾಡುವವಳು, ಆ ಗುರುತು ಹಾಕಿದವಳು ನಾನೇ, ದಯವಿಟ್ಟು ಓನಿಸಿಮ್‌ನ ಎಡಗಣ್ಣು ಪರೀಕ್ಷೆ ಮಾಡಿಸಿ, ಸಮಿತಿಯ ಮುಂದೆ ಬೇಕಾದರೆ ನಾನೇ ಸಾಕ್ಷಿ ಹೇಳುತ್ತೇನೆ. ಕಳಿಸುವ ಗುಂಡಿ ಒತ್ತಿದಳು. ಒತ್ತಿದ ಮೇಲೆ ಎಷ್ಟೋ ದಿನದ ನಂತರ ಹೊಟ್ಟೆ ತುಂಬ ಉಂಡಳು.

ವಿಚಾರಣೆಗೆ ಎರಡು ದಿನ ಇದೆ ಅನ್ನುವಾಗ ಉತ್ತರ ಬಂತು. ಕ್ಲಬ್ಬಿನ ಕಾರ್ಯದರ್ಶಿ ಲೆನೂತ್ಸ ಅನ್ನುವ ಹೆಂಗಸು ಬರೆದಿದ್ದಳು, ಅನುವಾದದ ಯಂತ್ರದಲ್ಲಿ ಹಾಕಿದ ಇಂಗ್ಲಿಷಿನಲ್ಲಿ.

'ನಮಗೆ ಗೊತ್ತು. ಎರಡು ವರ್ಷದಿಂದ ಗೊತ್ತು. ಇಡೀ ಊರಿಗೆ ಗೊತ್ತು. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ನಮಗೆ ಬೇರೆ ಗೋಲ್‌ಕೀಪರ್ ಇಲ್ಲ. ಲೆಫ್ಟ್ ಬ್ಯಾಕ್ ಅವನ ಎಡಗಣ್ಣಾಗಿದ್ದ. ಪ್ರತಿ ವರ್ಷ ಆಟಗಾರರ ಆರೋಗ್ಯದ ಸರ್ಟಿಫಿಕೇಟ್ ಕೊಡಬೇಕು. ನಮ್ಮ ಡಾಕ್ಟರು ಸುಳ್ಳು ಬರೆದರು, ನಾನು ಮೊಹರು ಒತ್ತಿದೆ. ಕಣ್ಣಿನ ವಿಷಯ ಹೊರಬಿದ್ದರೆ ಎರಡು ವರ್ಷದ ಮ್ಯಾಚೆಲ್ಲ ರದ್ದು, ಡಾಕ್ಟರು ಜೈಲಿಗೆ, ಕ್ಲಬ್ಬು ಲೀಗಿನಿಂದ ಹೊರಕ್ಕೆ. ಒಬ್ಬ ಆಟಗಾರ ದುಡ್ಡು ತಿಂದ ಅಂದರೆ ಶಿಕ್ಷೆ ಅವನೊಬ್ಬನಿಗೆ. ಹಾಗಾಗಿ ಓನಿಸಿಮ್ ಶುಕ್ರವಾರ ತಪ್ಪು ಒಪ್ಪಿಕೊಳ್ಳುತ್ತಾನೆ. ಅವನದೇ ನಿರ್ಧಾರ, ನಾವೆಲ್ಲ ಬೇಡ ಅಂದೆವು. ನೀವು ಒಳ್ಳೆಯವರು. ಕಣ್ಣಿನ ಮಾತು ಯಾರಿಗೂ ಹೇಳಬೇಡಿ ಅಂತ ಅವನು ಕೈಮುಗಿದು ಕೇಳುತ್ತಿದ್ದಾನೆ.'

ಅವಳು ಅದನ್ನು ಎಷ್ಟು ಸಲ ಓದಿದಳೋ. ಶಿವಕಿರಣ್‌ಗೂ ಹೇಳಲಿಲ್ಲ.

ಗುರುವಾರ ಪ್ರತಾಪ್ ಒಂದು ಹಾಳೆ ತಂದಿಟ್ಟ. ಸಮಿತಿಯ ಕಡತಕ್ಕೆ ಗುರುತು ಹಾಕಿದವರ ಹೇಳಿಕೆ ಬೇಕಂತೆ: ಸದರಿ ಆಟಗಾರ ಉದ್ದೇಶಪೂರ್ವಕವಾಗಿ ಚೆಂಡು ಬಿಟ್ಟದ್ದನ್ನು ನಾನು ಗಮನಿಸಿದ್ದೇನೆ, ಇದಕ್ಕೆ ಬೇರೆ ಯಾವ ಕಾರಣವೂ ನನಗೆ ಕಂಡುಬಂದಿಲ್ಲ. ಅವಳು ಜಗಳ ತೆಗೆಯುತ್ತಾಳೆ ಅಂತ ಅವನು ಮೊದಲೇ ಮಾತು ಜೋಡಿಸಿಕೊಂಡು ಬಂದಿದ್ದ. "ನೋಡಿ ಮೇಡಂ, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ, ಆದ್ರೆ..."

"ಪೆನ್ ಕೊಡಿ," ಅಂದಳು.

ಬೇರೆ ಯಾವ ಕಾರಣವೂ ಕಂಡುಬಂದಿಲ್ಲ ಅನ್ನುವ ಸಾಲಿನ ಕೆಳಗೆ ದಾಕ್ಷಾಯಿಣಿ ಸಹಿ ಹಾಕಿದಳು. ಜೀವಮಾನದಲ್ಲಿ ಅಷ್ಟು ದೊಡ್ಡ ಸುಳ್ಳು ಅವಳು ಹೇಳಿರಲಿಲ್ಲ, ಅಷ್ಟು ತಿಳಿದೂ ಹೇಳಿರಲಿಲ್ಲ. ಅವನಿಗಾಗಿ ಅವಳ ಕೈಲಿ ಆಗುವುದು ಅದೊಂದೇ ಇತ್ತು. ಕ್ಲಬ್ಬಾದರೂ ಉಳಿಯಲಿ ಅಂದುಕೊಂಡಳು.

ಶುಕ್ರವಾರ ಓನಿಸಿಮ್ ಒಪ್ಪಿಕೊಂಡ. ಆಜೀವ ನಿಷೇಧ. ಸೋಮವಾರ ಆಫೀಸಿನಲ್ಲಿ ಕೇಕ್ ತರಿಸಿದರು. ಅವಳ ಕೈಗೆ ಚಾಕು ಕೊಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ಅವಳು ನಗುತ್ತಿದ್ದಾಳೆ, ಬೇಕಾದರೆ ನೋಡಬಹುದು.

ಕ್ಲಬ್ಬು ಉಳಿಯಲಿಲ್ಲ. ಕಳ್ಳರ ಟೀಮಿಗೆ ಊರಿನ ತೆರಿಗೆ ಹಣ ಯಾಕೆ ಅಂತ ಪುರಸಭೆಯಲ್ಲಿ ವಿರೋಧಿಗಳು ಎದ್ದರು. ಚುನಾವಣೆ ಹತ್ತಿರವಿತ್ತು, ಮೇಯರ್ ಅನುದಾನ ನಿಲ್ಲಿಸಿದ. ಮಾರ್ಚಿನ ಕೊನೆಯ ಮ್ಯಾಚಿಗೆ ಮೈದಾನಕ್ಕಿಳಿದವರು ಎಂಟು ಜನ. ಗೋಲಿನಲ್ಲಿ ಒಬ್ಬ ಮಿಡ್‌ಫೀಲ್ಡರ್‌ನನ್ನು ನಿಲ್ಲಿಸಿದ್ದರು. ಹನ್ನೊಂದು ಗೋಲು ಬಿದ್ದವು, ಬಲಗಡೆಯಿಂದ, ಎಡಗಡೆಯಿಂದ, ನಡುವಿನಿಂದ. ದಾಕ್ಷಾಯಿಣಿ ಹನ್ನೊಂದಕ್ಕೂ ಗುಂಡಿ ಒತ್ತಿದಳು. ಮುಂದಿನ ವಾರ ವಿಡಿಯೋ ಬರಲಿಲ್ಲ. ಮೊರೆನಿತ್ಸವನ್ನು ಲೀಗಿನಿಂದ ತೆಗೆದುಹಾಕಲಾಗಿದೆ ಅಂತ ಒಂದು ಸಾಲಿನ ಸೂಚನೆ ಬಂತು.

ಅವತ್ತೇ ಅವಳು ಲೆನೂತ್ಸಗೆ ಬರೆದಳು. ಈಗ ಕ್ಲಬ್ಬಿಲ್ಲ, ಮುಚ್ಚಿಡಲು ಏನೂ ಉಳಿದಿಲ್ಲ, ಅವನ ಹೆಸರನ್ನಾದರೂ ಉಳಿಸೋಣ, ನಾನು ಎಲ್ಲವನ್ನೂ ಹೇಳುತ್ತೇನೆ ಅಂತ. ಇಂಥ ವಿಳಾಸವೇ ಇಲ್ಲ ಅಂತ ಪತ್ರ ವಾಪಸು ಬಂತು. ಕ್ಲಬ್ಬಿನ ಪುಟವೂ ಹೋಗಿತ್ತು. ಓನಿಸಿಮ್‌ಗೆ ಬೇರೆ ವಿಳಾಸ ಎಲ್ಲಿಂದ ತರುವುದು? ಊರೆಲ್ಲಿದೆ ಅಂತಲೇ ಅವಳಿಗೆ ಗೊತ್ತಿಲ್ಲ.

ಕೊನೆಗೆ ಪ್ರತಾಪ್‌ನ ಮೇಜಿನ ಮುಂದೆ ಹೋಗಿ ನಿಂತಳು. "ಆ ಕೇಸ್ ಮತ್ತೆ ತೆಗೆಸಿ ಪ್ರತಾಪ್. ನಾನು ಸುಳ್ಳು ಬರೆದುಕೊಟ್ಟಿದೀನಿ."

ಅವನು ಬೇಸರದಿಂದ ಕನ್ನಡಕ ತೆಗೆದ. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರು ನಂಬ್ತಾರೆ ಮೇಡಂ? ಅವನೇ ಒಪ್ಪಿ ಸಹಿ ಹಾಕಿದಾನೆ. ನೀವೂ ಹಾಕಿದೀರ."

ಅದು ನಿಜ. ಇಬ್ಬರೂ ಹಾಕಿದ್ದರು.