ನಾಲ್ಕನೇ ಟೇಬಲ್ಲಿನ ನಂಬರು

"ಚಾಕು ಕೆಳಗಿಡ್ರೇ ಎಲ್ಲಾ! ಇವಳ ಹೇಲಲ್ಲಿ ಹುಳ ಐತಂತೆ. ಹೊಟ್ಟೇಲಿ ಟೈಫಾಯ್ಡ್ ಹುಳ ಸಾಕ್ಕಂಡು ಅಮೆರಿಕಕ್ಕೆ ಹೋಗೋ ಕಾಯಿ ಮುಟ್ತಾವ್ಳೆ, ಲೌಡಿ!"

ಸೂಪರ್‌ವೈಸರ್ ಇಂದುಧರ ಲ್ಯಾಬಿನ ಕಾಗದವನ್ನು ತಲೆಯ ಮೇಲೆತ್ತಿ ಆಡಿಸುತ್ತ ನಾಲ್ಕನೇ ಟೇಬಲ್ಲಿನ ಮುಂದೆ ನಿಂತಿದ್ದ. ನಲವತ್ತು ಹೆಂಗಸರ ಕೈಗಳು ಒಮ್ಮೆಗೇ ನಿಂತವು. ಗಂಡಸಿ ರಸ್ತೆಯ ಆ ಕಾಯಿಪುಡಿ ಫ್ಯಾಕ್ಟರಿಯಲ್ಲಿ, ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡುವುದು ಅವರ ಕೆಲಸ. ಮಂಜುಳಾಳ ಕೈಯಲ್ಲಿದ್ದ ಕಾಯಿ ಅರ್ಧ ಬೆಳ್ಳಗಾಗಿತ್ತು. ಅದನ್ನು ಬುಟ್ಟಿಗೆ ಹಾಕಬೇಕೋ ನೆಲಕ್ಕೆ ಹಾಕಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತಳು.

"ಶಿವಗಂಗಮ್ಮ, ಇವಳು ಬೆಳಿಗ್ಗೆಯಿಂದ ಹೆರೆದಿದ್ದೆಲ್ಲಾ ಹಳ್ಳಕ್ಕೆ ಸುರಿ. ಕೈಗೆ ಗ್ಲೌಸ್ ಹಾಕ್ಕಂಡು ಎತ್ತು, ಮುಟ್ಬೇಡ."

ಶಿವಗಂಗಮ್ಮ ಎದುರು ಟೇಬಲ್ಲಿನವಳು. ಮಂಜುಳಾಳ ಕೇರಿಯವಳೇ, ಒಂದೇ ಬಸ್ಸಿಗೆ ಬರುವವಳು, ಒಂದೇ ಡಬ್ಬಿಯಿಂದ ಎಲೆಯಡಿಕೆ ಹಾಕುವವಳು. ಅವಳು ಗ್ಲೌಸು ಹಾಕಿಕೊಂಡಳು. ಬುಟ್ಟಿಯನ್ನು ಮೈಗೆ ತಾಗದಂತೆ ದೂರ ಹಿಡಿದು ಹಿಂದಿನ ಬಾಗಿಲಿಗೆ ಹೋದಳು. ಮಂಜುಳಾಳ ಮುಖ ಮಾತ್ರ ನೋಡಲಿಲ್ಲ.

"ಎಷ್ಟು ದಿನ ಮನೇಲಿರ್ಬೇಕು ಸಾ?" ಅಂದಳು ಮಂಜುಳಾ.

"ವಾಸಿ ಆಗೋಗಂಟ. ಸಂಬಳ ಇಲ್ಲ, ಕೇಳ್ಬೇಡ."

"ಆ ಚೀಟಿ ಕೊಡಿ ಸಾ. ಡಾಕ್ಟ್ರಿಗೆ ತೋರಿಸ್ತೀನಿ."

"ಚೀಟಿ ಕಂಪ್ನೀದು ಕಣಮ್ಮೀ. ಟೆಸ್ಟಿಗೆ ನಿಮ್ಮಪ್ಪ ಕಾಸು ಕೊಟ್ಟಿದ್ನಾ?"

ಯಾರೋ ಕಿಸಕ್ಕನೆ ನಕ್ಕರು. ಮಂಜುಳಾಳಿಗೆ ನಗು ಕೇಳಿಸಲೇ ಇಲ್ಲ. ಅವಳ ತಲೆಯೊಳಗೆ ಬೇರೊಂದು ಮಾತು ಗುಂಯ್ಗುಡುತ್ತಿತ್ತು. ಅದು ತನ್ನದಲ್ಲ. ಪರೀಕ್ಷೆಗೆ ಕೊಟ್ಟ ಡಬ್ಬಿಯಲ್ಲಿದ್ದದ್ದು ತನ್ನದಲ್ಲ.

ಹೋದ ವಾರ ಎಲ್ಲರಿಗೂ ಹೆಸರು ಬರೆದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ಎಂಟರೊಳಗೆ ತಂದುಕೊಡದಿದ್ದರೆ ಅರ್ಧ ದಿನ ಕಟ್ ಅಂದಿದ್ದರು. ಬಸ್ಸಿನಲ್ಲಿ ಆ ಡಬ್ಬಿಯನ್ನು ಸೆರಗಿನೊಳಗೆ ಹಿಡಿದುಕೊಂಡು ಬರುವ ನಾಚಿಕೆ ನೆನೆದೇ ಮಂಜುಳಾಳಿಗೆ ಆ ಬೆಳಿಗ್ಗೆ ಹೊಟ್ಟೆ ಕಟ್ಟಿಕೊಂಡಿತ್ತು. ಏಳೂಕಾಲಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಮಗಳು ದೀಕ್ಷಾ ಆಗ ತಾನೇ ಎದ್ದು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದ್ದಳು. ಹೆತ್ತ ಮಗಳದ್ದಕ್ಕೂ ತನ್ನದಕ್ಕೂ ಏನು ಮಹಾ ವ್ಯತ್ಯಾಸ ಅಂದುಕೊಂಡು ಮಂಜುಳಾ ಚಮಚದಲ್ಲಿ ತುಂಬಿಸಿ ಮುಚ್ಚಳ ಬಿಗಿದಿದ್ದಳು.

ಎಂಟು ವರ್ಷದ ಹುಡುಗಿ. ಮೂರು ವಾರದಿಂದ ಜ್ವರ ಹತ್ತುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಹತ್ತುತ್ತಿತ್ತು.

ಕೈ ತೊಳೆಯುವ ನಲ್ಲಿಯ ಹತ್ತಿರ ಮೇಧಿನಿ ಸಿಕ್ಕಳು. ಕ್ವಾಲಿಟಿ ನೋಡಿಕೊಳ್ಳಲು ಮೈಸೂರಿನಿಂದ ಬಂದ ಹುಡುಗಿ. ಯಾರಿಗೂ ಏಕವಚನ ಆಡುವವಳಲ್ಲ.

"ಬೇಜಾರ್ ಮಾಡ್ಕೋಬೇಡಿ ಮಂಜುಳಾ. ಇಂದುಧರ ಅವ್ರು ಮಾತಾಡಿದ್ದು ತಪ್ಪು. ಆದ್ರೆ ರೂಲ್ಸ್ ರೂಲ್ಸೇ. ಅಲ್ಲಿ ಅಮೆರಿಕದಲ್ಲಿ ಒಂದು ಮಗುಗೆ ಹೊಟ್ಟೆ ಕೆಟ್ರೆ ಸಾಕು, ಏನ್ ತಿಂತು ಅಂತ ಸರ್ಕಾರದವರು ಮನೆಗೇ ಹೋಗಿ ಕೇಳ್ತಾರೆ. ಪ್ಯಾಕೆಟ್ ಮೇಲೆ ನಂಬರ್ ಇರುತ್ತಲ್ಲ? ಅದನ್ನ ಹಿಡ್ಕೊಂಡು ಅಂಗಡಿ, ಅಂಗಡಿಯಿಂದ ಹಡಗು, ಹಡಗಿಂದ ಈ ಫ್ಯಾಕ್ಟರಿ, ಯಾವ ದಿನ, ಯಾವ ಟೇಬಲ್, ಯಾರ ಕೈ, ಎಲ್ಲಾ ಹುಡುಕ್ತಾ ಬರ್ತಾರೆ."

"ಒಂದು ಮಗೂಗಾ?"

"ಒಂದು ಮಗುಗೂ."

"ನನ್ ಟೇಬಲ್ ಗಂಟ?"

"ನಿಮ್ ಟೇಬಲ್ ತನಕ."

ಮಂಜುಳಾ ನಲ್ಲಿ ನಿಲ್ಲಿಸುವುದನ್ನೇ ಮರೆತಳು. ಕನ್ನಡಿಯಂಥ ನೀರು. ಇದೇ ನೀರಲ್ಲಿ ಕಾಯಿಗೆ ಮೂರು ಸಲ ಸ್ನಾನ. ಎರಡನೆಯದಕ್ಕೆ ಔಷಧಿ, ಮೂರನೆಯದಕ್ಕೆ ಬಿಸಿ. ವಾರಕ್ಕೊಮ್ಮೆ ಬಾಟಲಿಯಲ್ಲಿ ತುಂಬಿ ಬೆಂಗಳೂರಿಗೆ ಕಳಿಸಿ ಈ ನೀರು ಚೆನ್ನಾಗಿದೆಯಾ ಅಂತ ಕೇಳಿಸಿಕೊಂಡು ಬರುತ್ತಿದ್ದರು. ಅವಳಿಗೆ ಕಾಯಿಯನ್ನು ಕಂಡೇ ಹೊಟ್ಟೆ ಉರಿಯಿತು.

ಫ್ಯಾಕ್ಟರಿಯ ಹಿಂದೆ ಇನ್ನೂರು ಹೆಜ್ಜೆ ನಡೆದರೆ ಅವಳ ಕಾಲೋನಿ. ಬಸ್ಸಿನ ದಾರಿ ಸುತ್ತು. ಮುಂದಿನ ಗೇಟಿನಲ್ಲೇ ಬರಬೇಕು ಅಂತ ಕಟ್ಟಪ್ಪಣೆ ಇದ್ದದ್ದರಿಂದ ಎರಡು ಮೈಲಿ ಬಳಸಿ ಬರುತ್ತಿದ್ದರು. ಹಿಂದಿನ ಗೋಡೆಯಿಂದ ಮಡಕೆಯ ಬಾಯಿಯಷ್ಟು ಅಗಲದ ಒಂದು ಪೈಪು ಆಚೆ ಬಂದಿತ್ತು. ಒಡೆದ ಸಾವಿರಾರು ಕಾಯಿಗಳ ನೀರು, ತೊಳೆದ ನೀರು, ಕಕ್ಕಸಿನ ನೀರು ಎಲ್ಲ ಒಟ್ಟಾಗಿ ಅದರಿಂದ ಹಳ್ಳಕ್ಕೆ ಬೀಳುತ್ತಿತ್ತು. ಕಾಯಿನೀರು ಮೂರು ದಿನ ನಿಂತರೆ ಸತ್ತ ನಾಯಿಯ ವಾಸನೆ. ಹಳ್ಳದ ಪಕ್ಕದಲ್ಲೇ ಕಾಲೋನಿಯ ಬೋರ್‌ವೆಲ್ಲು. ವರ್ಷದ ಕೆಳಗೆ ಯಾರೋ ಬಂದು ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದರು. ಆ ಬಾಟಲಿ ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಅದರ ಮೇಲೆ ನಂಬರು ಇರಲಿಲ್ಲ.

ಆ ಮಧ್ಯಾಹ್ನವೇ ಮಂಜುಳಾ ದೀಕ್ಷಾಳನ್ನು ಸೊಂಟಕ್ಕೇರಿಸಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿಯವರು ಅದಾಗಲೇ ಮೂರು ಸಲ ಜ್ವರದ ಮಾತ್ರೆ ಕೊಟ್ಟು ಕಳಿಸಿದ್ದರು.

"ಟೈಫಾಯ್ಡ್ ಐತೆ ಸಾ ಇದಕ್ಕೆ."

"ಯಾರ್ ಹೇಳಿದ್ದು?"

"ಫ್ಯಾಕ್ಟ್ರೀಲಿ... ಟೆಸ್ಟ್ ಮಾಡಿದ್ರು."

"ಮಗೂಗಾ? ಫ್ಯಾಕ್ಟ್ರೀಲಿ ಮಗೂನ ಕೆಲಸಕ್ಕಿಟ್ಟಿದ್ದೀಯಾ?" ಡಾಕ್ಟರು ತಲೆ ಎತ್ತಲಿಲ್ಲ. "ನೀನೇ ಡಾಕ್ಟ್ರಾದ್ರೆ ಇಲ್ಲಿಗ್ಯಾಕ್ ಬಂದೆ? ರಿಪೋರ್ಟ್ ಇದ್ರೆ ತಗಂಬಾ. ನಮ್ಮ ಲ್ಯಾಬಿನವನು ರಜೆ ಮೇಲಿದ್ದಾನೆ."

ಅದೇ ಮಾತ್ರೆ. ನಾಲ್ಕನೇ ಸಲ.

ಗಂಡ ಮಧುಕುಮಾರ ಕಾಯಿ ಲಾರಿಯ ಜೊತೆ ಹೋದವನು ಇನ್ನೂ ಬಂದಿರಲಿಲ್ಲ. ಅತ್ತೆ ಹನುಮಮ್ಮ ಮೊಮ್ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಅದು ಅದೇ ಬೋರ್‌ವೆಲ್ಲಿನ ನೀರು. ಕಾಯಿಸಿ ಕುಡಿಸುತ್ತಿದ್ದರು. ಆದರೆ ಸ್ಕೂಲಿಂದ ಬಂದ ಮಗು ಎಷ್ಟು ಸಲ ನಲ್ಲಿಗೆ ಬಾಯಿ ಇಟ್ಟಿತೆಂದು ನೋಡುವವರು ಯಾರು?

"ಅವ್ವಾ," ಅಂದಳು ದೀಕ್ಷಾ, ಕಣ್ಣು ಮುಚ್ಚಿಕೊಂಡೇ. "ಅಮೆರಿಕದೋರು ನಿನ್ ಕಾಯೀನ ಏನ್ಮಾಡ್ತಾರೆ?"

"ಬಿಸ್ಕತ್ ಮೇಲೆ ಉದುರಿಸ್ಕಂಡು ತಿಂತಾರಂತೆ."

"ನಂಗೂ ಬೇಕು."

ಮಂಜುಳಾ ಆಚೆ ಎದ್ದು ಹೋದಳು. ಅಮೆರಿಕದ ಆ ಇನ್ನೊಂದು ಮಗು ಹೆಣ್ಣೋ ಗಂಡೋ, ಬೆಳ್ಳಗೋ ಕರ್ರಗೋ ಅವಳಿಗೆ ಗೊತ್ತಿರಲಿಲ್ಲ. ಮುಖ ಕಾಣದ್ದರಿಂದಲೇ ಹೊಟ್ಟೆಕಿಚ್ಚು ಇನ್ನೂ ಜಾಸ್ತಿ. ಮುಖ ಕಂಡಿದ್ದರೆ ಮಗು ತಾನೇ, ಅಯ್ಯೋ ಅನ್ನಿಸುತ್ತಿತ್ತೇನೋ. ಆ ಮಗು ಬಿಸ್ಕತ್ತು ತಿಂದು ಹೊಟ್ಟೆ ಹಿಡಿದುಕೊಂಡರೆ ಏಳು ಸಮುದ್ರ ದಾಟಿ ಹುಡುಕಿಕೊಂಡು ಬರುತ್ತಾರೆ. ತನ್ನ ಮಗಳ ಹೊಟ್ಟೆಯಿಂದ ಆ ಪೈಪಿನ ತನಕ ಇನ್ನೂರೇ ಹೆಜ್ಜೆ. ಒಬ್ಬ ಬಡ್ಡಿಮಗನೂ ನಡೆದಿಲ್ಲ.

ಪಕ್ಕದ ಮನೆಯಲ್ಲಿ ಶಿವಗಂಗಮ್ಮ ತನ್ನ ಆ ದಿನದ ಬಟ್ಟೆ ಒಗೆದು ಹರವುತ್ತಿದ್ದಳು. ಕೆಲಸ ಉಳಿಸಿಕೊಂಡವಳ ಬಟ್ಟೆ. ಅದನ್ನು ಕಂಡೂ ಮಂಜುಳಾಳ ಹೊಟ್ಟೆ ಉರಿಯಿತು.

ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಂದುಧರ ಬೈಕು ಹತ್ತಿ ಕಾಲೋನಿಗೆ ಬಂದ. ಎಂದೂ ಬಂದವನಲ್ಲ. ಮೂಗಿಗೆ ಕರ್ಚೀಫು ಹಿಡಿದು ಅಂಗಳದ ಹೊರಗೇ ನಿಂತ.

"ಮಂಜುಳಮ್ಮ, ಬಾ ತಾಯಿ, ಬೇಗ. ಅಮೆರಿಕದೋರ ಕಡೆಯಿಂದ ಮುಂಬೈನೋನು ಬಂದವ್ನೆ, ಆಡಿಟ್ ಮಾಡಕ್ಕೆ. ಒಂದು ಪ್ಯಾಕೆಟ್ ಎತ್ಕಂಡು, ಇದ್ನ ಯಾರ್ ಹೆರೆದಿದ್ದು ತೋರ್ಸಿ ಅಂದ. ಹುಡುಕ್ತಾ ಹುಡುಕ್ತಾ ಬಂದು ನಿನ್ ಟೇಬಲ್ಲಿಗೇ ನಿಂತೈತೆ ನಂಬರು. ಕರೀರಿ ಅವಳ್ನ ಅಂತಾವ್ನೆ."

"ನನ್ ಹೊಟ್ಟೇಲಿ ಹುಳ ಐತಲ್ಲ ಸಾ."

"ಅಯ್ಯೋ, ಅದೆಲ್ಲಾ ಸರಿ ಮಾಡಿದೀವಿ. ಬ್ಯಾರೆ ರಿಪೋರ್ಟ್ ಹಾಕಿದೀವಿ. ನೀನು ಗುಂಡ್ಕಲ್ಲಂಗಿದ್ದೀಯ ಅಂತ ಐತೆ ಅದ್ರಲ್ಲಿ."

"ಹಂಗಾರೆ ಹಳೇ ಚೀಟಿ ನಿಮ್ಗೆ ಬೇಕಾಗಿಲ್ಲ."

ಇಂದುಧರ ಕರ್ಚೀಫು ತೆಗೆದ.

"ಅದ್ನ ಕೊಡಿ," ಅಂದಳು ಮಂಜುಳಾ. "ಕೊಟ್ರೆ ಬತ್ತೀನಿ."

"ಹರಿದಾಕು ಅಂದವ್ರೆ ಸಾಹೇಬ್ರು..."

"ಮುಂಬೈನೋರು ಕಾಯ್ತಾವ್ರೆ ಸಾ."

ಅವನು ಜೇಬಿಗೆ ಕೈ ಹಾಕಿದ. ಹರಿದು ಹಾಕಿರಲಿಲ್ಲ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ. ಮಂಜುಳಾ ಬಿಡಿಸಿ ನೋಡಿ, ಒಳಗೆ ಹೋಗಿ ಅತ್ತೆಯ ಕೈಗೆ ಕೊಟ್ಟಳು.

"ಅತ್ತೆ, ಅರಸೀಕೆರೆಗೆ ಕರ್ಕಂಡೋಗು. ದೊಡ್ಡಾಸ್ಪತ್ರೆಗೆ. ಹೆಸ್ರು ನಂದಿರ್ತದೆ, ಕಾಯ್ಲೆ ಮಗೀದು ಅಂತ ಹೇಳು. ಬೈದ್ರೆ ಬೈಸ್ಕ. ಔಷ್ದಿ ಕೊಡೋಗಂಟ ಏಳ್ಬೇಡ."

ಹನುಮಮ್ಮ ಕಾಗದವನ್ನು ಎಲೆಯಡಿಕೆ ಚೀಲಕ್ಕೆ ತುರುಕಿ, ಮೊಮ್ಮಗಳನ್ನು ಎಬ್ಬಿಸಿದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಔಷ್ದಿ ಕುಡಿಸ್ಕ ಬತ್ತೀನಿ ಕಣಮ್ಮೀ. ಬಂದ್ ಮ್ಯಾಲೆ ಅದೇ ನೀರ್ ಕುಡ್ಸೋದಾ?"

ಮಂಜುಳಾ ಚಪ್ಪಲಿ ಮೆಟ್ಟಿ ಇಂದುಧರನ ಹಿಂದೆ ಹೊರಟಳು.

ಫ್ಯಾಕ್ಟರಿಯಲ್ಲಿ ಅವಳಿಗೆ ಹೊಸ ಬಿಳಿ ಕೋಟು, ಹೊಸ ಟೋಪಿ, ಹೊಸ ಗ್ಲೌಸು. ನಾಲ್ಕು ವರ್ಷದಲ್ಲಿ ಕೋಟು ಎಂಬುದನ್ನು ಅವಳು ಹಾಕಿರಲಿಲ್ಲ. ಅವತ್ತು ಎಲ್ಲ ಹೆಂಗಸರ ಮೈಮೇಲೂ ಇತ್ತು; ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಮಾಲೀಕ ವಿಜಯಸಾರಥಿ ತಾನೇ ಬಂದು ಅವಳ ಟೋಪಿಯನ್ನು ದೂರದಿಂದಲೇ ನೋಡಿ, ಬೆರಳಲ್ಲಿ ಸನ್ನೆ ಮಾಡಿ ಸರಿಮಾಡಿಸಿದ.

"ಕೇಳಿದ್ದಕ್ಕೆ ಮಾತ್ರ ಹೇಳಮ್ಮ. ಹುಷಾರಾಗಿದ್ದೀನಿ ಅನ್ನು, ಸಾಕು. ನಾಳೆಯಿಂದ ಕೆಲಸಕ್ಕೆ ಬಾ."

ಮುಂಬೈಯವನು ಕನ್ನಡಕದ ಗಿಡ್ಡ ಮನುಷ್ಯ. ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡಿದ್ದ. ಕೈಯಲ್ಲಿ ಪ್ಯಾಕೆಟ್ಟು. ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಮೇಧಿನಿ ಕನ್ನಡದಲ್ಲಿ ಹೇಳಿದಳು: "ಆರೋಗ್ಯವಾಗಿದ್ದೀರಾ ಅಂತ ಕೇಳ್ತಿದ್ದಾರೆ."

"ಇದ್ದೀನಿ."

"ಕೈ ಯಾವ ನೀರಲ್ಲಿ ತೊಳೀತೀರಾ?"

"ಇಲ್ಲೀ ನೀರಲ್ಲಿ. ಶಾನೆ ಚೆನ್ನಾಗೈತೆ."

ವಿಜಯಸಾರಥಿ ನಕ್ಕ. ಮುಂಬೈಯವನು ಕಾಗದದಲ್ಲಿ ಸರಿ ಎಂದು ಒಂದು ಗೀಟು ಹಾಕಿ ಮುಂದಕ್ಕೆ ಹೊರಟ.

"ಸಾ," ಅಂದಳು ಮಂಜುಳಾ. "ಅಷ್ಟೇನಾ?"

ಎಲ್ಲರೂ ತಿರುಗಿದರು.

"ಅಷ್ಟು ದೂರದಿಂದ ನಂಬರ್ ಹಿಡ್ಕಂಡು ಬಂದ್ರಿ. ನನ್ ಕೈಗೇ ನಿಲ್ಲಿಸ್ಬುಟ್ರಲ್ಲ. ನನ್ ಕೈ ರಾತ್ರಿ ಯಾವ ನೀರಲ್ಲಿ ತೊಳೀತೀನಿ ಕೇಳ್ಲೇ ಇಲ್ಲ. ಮೇಡಮ್, ಹೇಳಿ ಅವ್ರಿಗೆ. ಇನ್ನೂರು ಹೆಜ್ಜೆ ಐತೆ, ಅಷ್ಟೇಯ. ತೋರಿಸ್ತೀನಿ ಬನ್ನಿ."

"ಏನಂತೆ ಇವಳದ್ದು?" ಅಂದ ವಿಜಯಸಾರಥಿ. "ಇಂದುಧರ!"

ಮೇಧಿನಿ ಮಾಲೀಕನ ಮುಖ ನೋಡಿದಳು, ಮಂಜುಳಾಳ ಮುಖ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಎಷ್ಟು ಹೇಳಿದಳೋ, ಏನು ಬಿಟ್ಟಳೋ.

ಮಂಜುಳಾ ಆಗಲೇ ಹಿಂದಿನ ಬಾಗಿಲು ತಳ್ಳಿಕೊಂಡು ಆಚೆ ಹೋಗಿದ್ದಳು. ಮುಂಬೈಯವನು ಹೊಸ್ತಿಲ ತನಕ ಬಂದ. ವಾಸನೆಗೆ ಮುಖ ಹಿಂಡಿದ. ಕಾಲಿನ ನೀಲಿ ಚೀಲ ನೋಡಿಕೊಂಡು, ಅದು ಒಳಗಿನ ನೆಲಕ್ಕೆ ಮಾತ್ರ ಎಂಬಂತೆ ಅಲ್ಲೇ ನಿಂತ. ಹಳ್ಳದಲ್ಲಿ ಅವಳೇ ಹೆರೆದ ಕಾಯಿಗಳು ಎಂಟು ದಿನದಿಂದ ಕೊಳೆತು ತೇಲುತ್ತಿದ್ದವು.

"ಇದೇ ಸಾ!" ಪೈಪಿನ ಪಕ್ಕ ನಿಂತು ಕೂಗಿದಳು. "ಇಲ್ಲಿಂದ ಬೋರ್‌ವೆಲ್ಲು, ಅಲ್ಲಿಂದ ನಲ್ಲಿ, ಅಲ್ಲಿಂದ ನನ್ ಮಗಳ ಹೊಟ್ಟೆ. ಅವ್ಳಿಗೂ ಒಂದು ನಂಬರ್ ಹಾಕ್ಕಳಿ!"

ಮುಂಬೈಯವನು ಗಡಿಯಾರ ನೋಡಿದ. ವಿಜಯಸಾರಥಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ ಏನೋ ಅಂದ. ಅವನು ಹಾಕಿದ್ದ ಗೀಟು ಹಾಗೇ ಇತ್ತು.

ಮಂಜುಳಾ ಹೊಸ ಕೋಟನ್ನು ಬಿಚ್ಚಿದಳು. ಗೋಡೆಗೊರಗಿಸಿದ್ದ ಕರಟದ ಚೀಲವೊಂದನ್ನು ಎಳೆದು, ಅದಕ್ಕೆ ಕೋಟನ್ನು ಸುತ್ತಿ, ಪೈಪಿನ ಬಾಯಿಗೆ ತುರುಕಿದಳು. ನೀರು ಪಕ್ಕಗಳಿಂದ ಚಿಮ್ಮಿ ಅವಳ ಮುಖಕ್ಕೆ ಹೊಡೆಯಿತು. ಭುಜ ಕೊಟ್ಟು ತಳ್ಳಿದಳು.

"ಎತ್ತೇ ಕೈನ, ಸೂಳೆಮುಂಡೆ!" ಇಂದುಧರ ಓಡಿ ಬಂದವನು ಹಳ್ಳದ ದಡದಲ್ಲಿ ನಿಂತುಬಿಟ್ಟ. ಕೆಳಗಿಳಿಯಬೇಕಾದರೆ ಮೊಣಕಾಲುದ್ದದ ಆ ನೀರಿಗೆ ಕಾಲಿಡಬೇಕಿತ್ತು.

"ಬಾ ಸಾ, ಇಳಿ. ಕಂಪ್ನೀ ನೀರೇ."

ಅವನು ಇಳಿಯಲಿಲ್ಲ. ಇಳಿದವಳು ಶಿವಗಂಗಮ್ಮ. ಬಿಳಿ ಕೋಟಿನಲ್ಲೇ, ತಲೆಯ ಮೇಲೆ ಇನ್ನೊಂದು ಕರಟದ ಚೀಲ ಹೊತ್ತುಕೊಂಡು. ಅವಳ ಕೈಯಲ್ಲಿ ಗ್ಲೌಸು ಇರಲಿಲ್ಲ.

"ಸರ್ಕಳೇ ಆಚಿಕೆ," ಅಂದಳು. "ಒಂದ್ ಚೀಲಕ್ಕೆ ಮುಚ್ಕಂತದಾ ಇದು? ಎಂಟು ದಿನದಿಂದ ನಿನ್ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಎರಡನೇ ಚೀಲ ಕೂತಿತು. ಚಿಮ್ಮುವುದು ನಿಂತಿತು. ಗೋಡೆಯೊಳಗೆ ಏನೋ ಹೊಟ್ಟೆ ಕಲಸಿದಂತೆ ಗುಳುಗುಳು ಅಂದಿತು. ಒಳಗೆ ಮಿಷನ್ನುಗಳು ಓಡುತ್ತಲೇ ಇದ್ದವು. ಕಾಯಿಯ ಮೂರನೇ ಸ್ನಾನ ನಡೆಯುತ್ತಿತ್ತು.

"ಪೊಲೀಸ್ ಕರೆಸ್ತೀನಿ!" ವಿಜಯಸಾರಥಿಯ ದನಿ. "ಮಿಷನ್ ನಿಲ್ಸ್ರೋ ಯಾರಾದ್ರೂ!"

ಮಂಜುಳಾ ಚೀಲಗಳಿಗೆ ಬೆನ್ನು ಕೊಟ್ಟು, ಸೊಂಟದ ತನಕ ಆ ಹುಳಿನೀರಿನಲ್ಲಿ ಕೂತಳು. ಪಕ್ಕದಲ್ಲಿ ಶಿವಗಂಗಮ್ಮ. ಅಲ್ಲಿಂದ ಕತ್ತು ಹೊರಳಿಸಿದರೆ ತೆರೆದ ಹಿಂದಿನ ಬಾಗಿಲು ಓರೆಯಾಗಿ ಕಾಣುತ್ತಿತ್ತು. ಹೊಸ್ತಿಲ ಮೇಲೆ ಮುಂಬೈಯವನು, ಅವನ ಹಿಂದೆ ಹಾಲಿನಂಥ ಟೈಲ್ಸಿನ ನೆಲ. ನೆಲದ ನಡುವಿನ ಚರಂಡಿ ಜಾಲರಿಯಿಂದ ಕಂದು ನೀರು ಮೊದಲು ಬೆರಳಿನಷ್ಟು ಎದ್ದಿತು. ಆಮೇಲೆ ಸದ್ದಿಲ್ಲದೆ ಅಗಲವಾಗುತ್ತ, ಬಿಳಿ ಟೈಲ್ಸುಗಳನ್ನು ಒಂದೊಂದಾಗಿ ನುಂಗುತ್ತ, ಬಾಗಿಲಿಗೆ ಬಂದು ನೀಲಿ ಚೀಲಗಳನ್ನು ಮುಟ್ಟಿತು.

ಅವನು ಒಂದು ಕಾಲನ್ನು ಮೇಲೆತ್ತಿದ. ಅದನ್ನು ಇಡಲು ಒಣಗಿದ ಜಾಗ ಹುಡುಕತೊಡಗಿದ.