ಭೀಮಾಶಂಕರನ ರಾಜಧಾನಿ

ಗಂಡ ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಾದದ್ದು ಫೋನಿನಲ್ಲಿ. ಭೀಮಾಶಂಕರ ಕಟ್ಟಡಗಳಿಗೆ ಕಬ್ಬಿಣದ ಸರಳು ಕಟ್ಟುವವನು. ರಾಜ್ಯ ಎರಡಾಗಿ ಹೈದರಾಬಾದು ತೆಲಂಗಾಣಕ್ಕೆ ಉಳಿದ ಮೇಲೆ, ಆಂಧ್ರದವರು ಅಮರಾವತಿಯಲ್ಲಿ ಹೊಸ ರಾಜಧಾನಿ ಕಟ್ಟಲು ಹೊರಟರು. ಜನ್ಮಕ್ಕಾಗುವಷ್ಟು ಕೆಲಸವಂತೆ ಎಂದು ಇವನೂ ಹೋದ. ನಾನು ಮಗಳೊಂದಿಗೆ ಹೈದರಾಬಾದಿನ ಕೊಂಡಾಪುರದ ತಗಡಿನ ಖೋಲಿಯಲ್ಲಿ ಉಳಿದೆ.

"ಕೆಲಸ ಹೆಂಗ ನಡದೈತಿ?" ಎಂದು ಕೇಳಿದರೆ "ಭಾಳ ಜೋರ್ ನಡದೈತಿ" ಅನ್ನುತ್ತಿದ್ದ. ನಾನೂ ಸೈಟಿನಲ್ಲಿ ಬುಟ್ಟಿ ಹೊತ್ತವಳೇ. ಕೆಲಸ ಜೋರಿದ್ದಲ್ಲಿ ಸರಳು ಬೀಳುವ ಸದ್ದಿರುತ್ತದೆ, ಮಿಕ್ಸರ್ ಗರಗರ ತಿರುಗುತ್ತದೆ, ಮೇಸ್ತ್ರಿ ಯಾರನ್ನೋ ಬಯ್ಯುತ್ತಿರುತ್ತಾನೆ. ಇವನ ಫೋನಿನಲ್ಲಿ ಬರೀ ಹೆಂಗಸರ ಮಾತು. ಒಂದು ದಿನ ಒಬ್ಬಳು ತೆಲುಗಿನಲ್ಲಿ ಊಟಕ್ಕೆ ಬಾ ಎಂದು ಕರೆದಳು. ಇವನು ಗಡಿಬಿಡಿಯಲ್ಲಿ ಫೋನ್ ಇಟ್ಟ. ನನಗೆ ಮೈಯೆಲ್ಲ ಉರಿಯಿತು.

ನಾನು ಮನೆಗೆಲಸಕ್ಕೆ ಹೋಗುವ ಸ್ನೇಹಲತಾ ಬಾಯಿಯವರು ಬೀದರಿನವರು. ಅವರ ಟಿವಿಯಲ್ಲಿ ಆಗ ದಿನವೂ ಅದೇ ಜಗಳ: ಆಂಧ್ರಕ್ಕೆ ರಾಜಧಾನಿ ಒಂದು ಸಾಕೋ, ಮೂರು ಬೇಕೋ.

"ಸರಕಾರ ಬದಲಾಗಿ ಅಮರಾವತ್ಯಾಗ ಕೆಲಸ ನಿಂತು ಎಷ್ಟೋ ದಿನಾ ಆತಲ್ಲ ರೇಣುಕಾ," ಅಂದರು ಬಾಯಿಯವರು. "ಕೂಲಿಯವ್ರೆಲ್ಲಾ ಊರು ಸೇರ್ಯಾರ."

ಕೆಲಸವಿಲ್ಲದ ಊರಿನಲ್ಲಿ ಗಂಡಸು ಯಾಕೆ ಉಳಿಯುತ್ತಾನೆ? ಉಣ್ಣಲು ಹಾಕುವವಳೊಬ್ಬಳು ಸಿಕ್ಕರೆ ಉಳಿಯುತ್ತಾನೆ. ಅವಳ ಬಣ್ಣ ಯಾವುದು, ಮಕ್ಕಳೆಷ್ಟು ಎನ್ನುವವರೆಗೂ ನನ್ನ ಸಂಶಯ ಹೋಗಿ ಬಂತು.

ಒಂದು ಮಧ್ಯಾಹ್ನ ನೆಲ ಒರೆಸುತ್ತಿದ್ದೆ. ರಾಜಧಾನಿಗೆಂದು ಹೊಲ ಕೊಟ್ಟ ರೈತರು, ಅದು ಅಮರಾವತಿಯಲ್ಲೇ ಇರಲಿ ಎಂದು ಶಾಮಿಯಾನದಡಿ ಧರಣಿ ಕೂತದ್ದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಹೆಂಗಸರೇ ಹೆಚ್ಚು. ಅವರ ನಡುವೆ ಹಸಿರು ಟವೆಲ್ ಹೊದ್ದು, ಮುಷ್ಟಿ ಎತ್ತಿ ಕೂಗುತ್ತಿದ್ದವನು ನನ್ನ ಗಂಡ!

"ರೊಕ್ಕಾ ಕೊಟ್ಟು ಕರ್ಕೊಂಡು ಬಂದಾರ," ಬಾಯಿಯವರು ನಕ್ಕರು. "ಅಂವನ್ನ ನೋಡು, ರೈತನಂಗ ಕಾಣ್ತಾನೇನು?"

ನಾನು ನೆಲದ ಅರಿವೆ ಅಲ್ಲೇ ಬಿಟ್ಟು ಮೆಟ್ಟಿಲಿಗೆ ಹೋಗಿ ಫೋನ್ ಹಚ್ಚಿದೆ. "ಎಲ್ಲಿದ್ದೀ?"

"ಸೈಟಿನ್ಯಾಗ."

"ಹಸಿರು ಟವೆಲ್ ಚಲೋ ಒಪ್ಪತೈತಿ. ರೊಕ್ಕಾ ಎಷ್ಟು ಕೊಡ್ತಾರ?"

ಅವನು ಅಂದ: "ಯಾರೂ ಕೊಡಂಗಿಲ್ಲ. ಊಟಾ ಹಾಕ್ತಾರ ಅಷ್ಟ. ನಾ ಕಟ್ಟಿದ ಸರಳು ಪಾಯದ ನೀರಾಗ ನಿಂತು ತುಕ್ಕು ಹಿಡ್ಯಾಕತ್ತಾವ ರೇಣುಕಾ. ಬಿಟ್ಟು ಬರಾಕ ಮನಸಾಗವಲ್ದು."

ಅವನ ದನಿ ಒಡೆದಿತ್ತು. ಮಗಳು ಜ್ವರದಲ್ಲಿ ಮಲಗಿದಾಗಲೂ ಅವನ ದನಿ ಹಾಗೆ ಒಡೆದಿರಲಿಲ್ಲ. ಅವನನ್ನು ಹಿಡಿದಿಟ್ಟವಳು ಇನ್ನೊಬ್ಬ ಹೆಂಗಸಾಗಿದ್ದರೆ ಹೋಗಿ ಜುಟ್ಟು ಹಿಡಿಯುತ್ತಿದ್ದೆ. ರಾಜಧಾನಿಗೆ ಜುಟ್ಟು ಎಲ್ಲಿ?

"ಮನಿಗೆ ಯಾವಾಗ ಬರ್ತಿ?"

"ಲಗೂನ ತೀರ್ಮಾನ ಆಗತೈತಿ."

ಟಿವಿಯವರೂ ದಿನಾ ಇದನ್ನೇ ಹೇಳುತ್ತಿದ್ದರು. "ನಾ ತೀರ್ಮಾನ ಮಾಡೀನಿ," ಅಂದೆ. "ನಿನ್ನ ಮಗಳು ಇಲ್ಲಿ ಅದಾಳ. ಐತವಾರ ಬಾ. ಬರಲಿಲ್ಲಂದ್ರ ಮುಂದ ಬರಬ್ಯಾಡ."

"ಬರ್ತೀನಿ," ಅಂದ.

ಅಷ್ಟರಲ್ಲಿ ಹಿಂದಿನಿಂದ ಆ ಹೆಂಗಸು ಮತ್ತೆ ಊಟಕ್ಕೆ ಕೂಗಿದಳು. ಅವಳಿಗೂ ತೆಲುಗಿನಲ್ಲಿ ಬರ್ತೀನಿ ಅಂದ. ನಾನು ನಂಬಿದ್ದು ಅವಳಿಗೆ ಹೇಳಿದ್ದನ್ನು.