ಮುಂದಿನ ಖೋಲಿ

ಯಲ್ಲಾಲಿಂಗ ತಾಳ ಎತ್ತಿ ಭಜನೆಯ ಮುಂದಿನ ಪದಕ್ಕೆ ಬಾಯಿ ತೆರೆಯುವಷ್ಟರಲ್ಲಿ ತಹಮೀನಾಳ ಫೋನು ಮತ್ತೆ ಬಡಿದುಕೊಂಡಿತು. ಪಡಸಾಲೆಯಲ್ಲಿ ಕೂತಿದ್ದ ನಲವತ್ತು ಮಂದಿಯ ಕಣ್ಣು ಒಮ್ಮೆಲೇ ಅವಳತ್ತ ಹೊರಳಿತು. ಅವಳು ಫೋನನ್ನು ದುಪಟ್ಟಾದೊಳಗೆ ತುರುಕಿ ತಲೆ ತಗ್ಗಿಸಿದಳು.

ಎದುರಿಗೆ, ಗೋಡೆಗೆ ಒತ್ತಿಸಿಟ್ಟ ಕುರ್ಚಿಯಲ್ಲಿ ವಿಜಯಲಕ್ಷ್ಮಿ ಮೇಡಂ ಕೂತಿದ್ದರು. ನಿನ್ನೆ ಸಂಜೆ ಚಹಾದ ಕಪ್ಪು ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಮಣ್ಣಿಗೆ ಒಯ್ಯುವತನಕ ಹೀಗೆ ಕೂರಿಸುವುದೇ ಆ ಮನೆತನದ ರೂಢಿ. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಗದ್ದ ಜಾರದಂತೆ ಬಿಳಿ ಪಟ್ಟಿ. ಆ ಪಟ್ಟಿಯೊಂದು ಇರದಿದ್ದರೆ ಮೇಡಂ ಯಾರಿಗೋ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾರೆಂದೇ ಅನ್ನಿಸಬೇಕು.

"ಯಾರದವಾ ಫೋನು?" ಎಂದರು ಮೇಡಂ ಗಂಡ ವಿರೂಪಣ್ಣ.

"ಯುನಿವರ್ಸಿಟಿದ್ರಿ, ಸರ್."

"ಇವತ್ತ ಅಲಾ ನಿನ್ನ ಪರೀಕ್ಷಾ?"

"ನಾ ಕೂಡೂದಿಲ್ರಿ. ಹೋದ್ರ ಹೋಗ್ಲಿ."

ಹೋದರೆ ಹೋಗಲಿ ಎನ್ನುವಂಥದ್ದೇನೂ ಆಗಿರಲಿಲ್ಲ ಅದು. ಏಳು ವರ್ಷ ದುಡಿದ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ. ಪರೀಕ್ಷಕಿ ಇಂಗ್ಲೆಂಡಿನಿಂದ ಪರದೆಯ ಮೇಲೆ ಬರುವವರು. ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಇವತ್ತು ಮಧ್ಯಾಹ್ನ ಎರಡೂವರೆಗೆ ಆಗದಿದ್ದರೆ ನಾಳೆಗೆ ನೋಂದಣಿಯೇ ರದ್ದು. ಗಂಟೆ ಆಗಲೇ ಒಂದೂಮುಕ್ಕಾಲು. ಮಾನ್ವಿಯಿಂದ ರಾಯಚೂರಿನ ಮನೆ ಮುಟ್ಟುವುದು ಆಗದ ಮಾತು. ಬೆಳಗಿನ ಮೊದಲ ಬಸ್ಸಿಗೆ ಎದ್ದುಬಿದ್ದು ಬಂದವಳ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಒಂದು ಇದ್ದದ್ದೇ ಪುಣ್ಯ.

"ಇಲ್ಲೇ ಕುಂತು ಕೊಡ್ಲಿ," ಎಂದಳು ದಾವಲ್ ಬೀ. ರೈಸ್ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಹೆಂಗಸು. ಸತ್ತ ಮನೆಯಲ್ಲೂ ದನಿ ತಗ್ಗಿಸುವವಳಲ್ಲ.

ಮೇಡಂ ಮಗ ಅಂಬರೀಶ ತಿರುಗಿ ನೋಡಿದ. ಅತ್ತೂ ಅತ್ತೂ ಅವನ ಕಣ್ಣು ಕೆಂಡವಾಗಿತ್ತು. "ಅವ್ವ ಇಲ್ಲಿ ಹಿಂಗ ಕುಂತಾಳ, ಆಕಿ ಮುಂದ ಕಂಪ್ಯೂಟರ್ ಇಟ್ಟು ಟುಸ್‌ಪುಸ್ ಅಂತ ಇಂಗ್ಲಿಷ್ ಮಾತಾಡೂದಾ? ಮಂದಿ ಬಾಯಾಗ ಬೀಳಾಕ ಇಷ್ಟ ಸಾಕು. ಭಜನಿ ನಿಲ್ಲಬಾರದು."

ತಹಮೀನಾ ಬ್ಯಾಗನ್ನು ಇನ್ನಷ್ಟು ಹಿಂದಕ್ಕೆ ಸರಿಸಿದಳು.

*

ವಿಜಯಲಕ್ಷ್ಮಿ ಮೇಡಂ ಇಪ್ಪತ್ತೇಳು ವರ್ಷ ಮಾನ್ವಿಯಿಂದ ದೇವದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಪಾಸ್‌ಪೋರ್ಟ್ ಎಂಬುದನ್ನು ಕಣ್ಣಿಂದ ಕಂಡವರಲ್ಲ. ಆದರೆ ಇವತ್ತಿನ ಬ್ರಿಟನ್ನಿನ ಕಾದಂಬರಿಗಳೆಂದರೆ ಪ್ರಾಣ. ಮುಚ್ಚಿದ ಬಟ್ಟೆ ಗಿರಣಿ, ಅಲ್ಲಿಗೆ ದುಡಿಯಲು ಹೋಗಿ ನೆಲೆಸಿದ ಪಂಜಾಬಿ, ಪಾಕಿಸ್ತಾನಿ ಮನೆಗಳು, ಸರಕಾರಿ ಬಾಡಿಗೆ ಮನೆಗೆ ಸಾಲುಗಟ್ಟಿದ ಬಿಳಿಯರು. "ಇದು ನಮ್ಮ ಓಣೀನ," ಎನ್ನುತ್ತಿದ್ದರು. "ಬರೇ ಥಂಡಿ ಜಾಸ್ತಿ."

ಅವರ ಪಾಠದ ರೀತಿಯೇ ಬೇರೆ. ಗುರುವಾರ ಸಂಜೆ ಮಿಲ್ಲಿನ ಹೆಂಗಸರನ್ನು ಮನೆ ಮುಂದಿನ ಕಟ್ಟೆಗೆ ಕರೆದು ಒಂದು ಕಾದಂಬರಿಯ ಕತೆಯನ್ನು ಕನ್ನಡದಲ್ಲಿ ಹೇಳುವುದು, ಅರ್ಧಕ್ಕೆ ನಿಲ್ಲಿಸಿ, "ಆಕಿ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?" ಎಂದು ಕೇಳುವುದು. ಹೆಂಗಸರು ಜಗಳಕ್ಕೇ ನಿಲ್ಲುತ್ತಿದ್ದರು. ಮೇಡಂ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

ಇದನ್ನೇ ಪ್ರಬಂಧ ಮಾಡುತ್ತೇನೆಂದು ವಯಸ್ಸಿದ್ದಾಗ ಅರ್ಜಿ ಹಾಕಿದ್ದರು. "ಇದು ಸಾಹಿತ್ಯವಲ್ಲ, ಓಣಿಯ ಹರಟೆ" ಎಂದು ಬರೆದು ಸಮಿತಿಯವರು ಹಿಂದಕ್ಕೆ ಕಳಿಸಿದರು. ಮೇಡಂ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಗುರುವಾರ ಬಂತು, ಎದ್ದು ಕಟ್ಟೆಗೆ ಚಾಪೆ ಹಾಸಿದರು.

ಆಮೇಲೆ ದೇವದುರ್ಗದ ತರಗತಿಯಲ್ಲಿ ತಹಮೀನಾ ಸಿಕ್ಕಳು. ರಾಯಚೂರಿನ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಬೇರೆ ಮಾರ್ಗದರ್ಶಕರಿದ್ದರು, ಇಲ್ಲವೆನ್ನಲಾಗದು. ಕಲಿಸಿದವರು ಮಾತ್ರ ಮೇಡಂ.

ಅವಳು ಮೊದಲು ಬರೆದ ಅಧ್ಯಾಯ ಓದಿ ಮೇಡಂ ನಕ್ಕಿದ್ದರು. ಆ ಕಾದಂಬರಿಯಲ್ಲಿ ಒಬ್ಬ ತಾಯಿ, ಪಾಕಿಸ್ತಾನದಿಂದ ಹೋದವಳು, ಮನೆಯ ಮುಂದಿನ ಖೋಲಿಗೆ, ಬೀದಿ ಬದಿಯ ಕೋಣೆಗೆ, ಯಾವಾಗಲೂ ಬೀಗ ಹಾಕಿಡುತ್ತಾಳೆ. ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆಯುವುದಿಲ್ಲ. ವಿಮರ್ಶಕರೆಲ್ಲ ಅದನ್ನು ಪರದೇಶಿಯ ಒಂಟಿತನ ಎಂದಿದ್ದರು, ತಹಮೀನಾಳೂ ಹಾಗೆಯೇ ಬರೆದಿದ್ದಳು.

"ನೀ ಯಾರನ್ನ ಕೇಳಿದಿ?" ಎಂದರು ಮೇಡಂ.

"ಪುಸ್ತಕದಾಗ ಅದರಿ."

"ಪುಸ್ತಕ ಬರದವ್ರು ಆ ಬೀಗ ಹಾಕ್ಯಾರೇನು? ಗುರುವಾರ ಬಾ. ಹಾಕಿದವ್ರನ್ನ ಕೇಳು."

*

ಎರಡು ಗಂಟೆ ದಾಟಿತು. ವಿರೂಪಣ್ಣ ಹೆಂಡತಿಯ ಮುಖವನ್ನೇ ನೋಡುತ್ತ ಕೂತಿದ್ದವರು ಎದ್ದು ನಿಂತರು.

"ಯಲ್ಲಾಲಿಂಗ, ಒಂದ ತಾಸು ತಾಳ ಕೆಳಗಿಡಪಾ."

"ಯಪ್ಪಾ!" ಎಂದ ಅಂಬರೀಶ.

"ನಿಮ್ಮವ್ವ ಇಪ್ಪತ್ತೇಳು ವರ್ಷ ಮಾಡಿದ್ದ ಭಜನಿ ಇದ ಅಲೇನಪಾ? ಆಕೀನ ಹರಟಿ ಅಂತ ಹಿಂದಕ ಕಳಿಸಿದ ದಿನ ನಾ ಸುಮ್ನ ಕುಂತಿದ್ದೆ. ಇವತ್ತ ಸುಮ್ನ ಕೂಡಾಂವಲ್ಲ. ತಗಿಬೇ ತಹಮೀನಾ, ಕಂಪ್ಯೂಟರ್ ತಗಿ."

ಮೇಜು ಬಂತು. ಗೋಡೆಯ ಕಡೆ ಮಾತ್ರ ಸಿಗ್ನಲ್ ಬರುತ್ತಿದ್ದುದರಿಂದ ಮೇಡಂ ಪಕ್ಕದಲ್ಲಿಯೇ ಕೂರಬೇಕಾಯಿತು. ಪರದೆಯ ಮೇಲೆ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯ ಅಧ್ಯಕ್ಷರು, ಮತ್ತೊಂದು ಚೌಕದಲ್ಲಿ ಬಿಳಿ ಕೂದಲಿನ ಇಂಗ್ಲಿಷ್ ಹೆಂಗಸು. ಅರ್ಧ ತಾಸು ಪ್ರಶ್ನೆಗಳು ಬಂದವು, ತಹಮೀನಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಪಡಸಾಲೆಯಲ್ಲಿ ಮಕ್ಕಳೂ ಕೆಮ್ಮಲಿಲ್ಲ.

ಆಗ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು. "ಮೂರನೆಯ ಅಧ್ಯಾಯ. ಬೀಗ ಹಾಕಿದ ಕೋಣೆ ಒಂಟಿತನವೆಂದು ಎಲ್ಲರೂ ಒಪ್ಪಿದ್ದಾರೆ. ನೀವು ಅಲ್ಲವೆನ್ನುತ್ತೀರಿ. ಆಧಾರ ಒಂದೇ ಒಂದು ಅಡಿಟಿಪ್ಪಣಿ, 'ದಾವಲ್ ಬೀ, ಮಾನ್ವಿ.' ಯಾರು ಈ ವಿದ್ವಾಂಸರು?"

ಇಂಥ ಹೊತ್ತಿನಲ್ಲಿ ಮೇಡಂ ಕಡೆ ನೋಡುವುದು ತಹಮೀನಾಳ ಅಭ್ಯಾಸ. ನೋಡಿದಳು. ಏಳು ವರ್ಷ ನೀರುಪಾಲು ಎಂದುಕೊಂಡಳು. ಮೇಡಂಗೆ ಹೇಳಿದ್ದನ್ನೇ ತನಗೂ ಹೇಳುತ್ತಾರೆ, ಹರಟೆ.

"ಅವರು ಅಕ್ಕಿ ಮಿಲ್ಲಿನಲ್ಲಿ ದುಡಿಯುತ್ತಾರೆ," ಎಂದಳು ಕೊನೆಗೆ. "ಇಲ್ಲಿಯೇ ಇದ್ದಾರೆ. ಅವರನ್ನೇ ಕೇಳಿ."

ಅಧ್ಯಕ್ಷರು ಅಡ್ಡ ಬಂದರು. ಪರೀಕ್ಷಕಿ ಕೈಯೆತ್ತಿ ತಡೆದು, "ಇದು ಬಹಿರಂಗ ಪರೀಕ್ಷೆಯಲ್ಲವೇ? ಕರೆಯಿರಿ," ಎಂದರು.

"ಖಾಲಾ, ಬರ್ರಿ. ಖೋಲಿ ಮಾತು ಕೇಳಾಕತ್ತಾರ."

ದಾವಲ್ ಬೀ ಸೆರಗು ಹೊದ್ದು ಬಂದು ಪರದೆಯ ಮುಂದೆ ಕೂತಳು. ಹೆದರಿಕೆ ಎಂಬುದು ಅವಳ ಜಾತಕದಲ್ಲೇ ಇಲ್ಲ.

"ಸಲಾಂ ಅಮ್ಮಾ. ನಮ್ಮನ್ಯಾಗ ಎರಡು ಖೋಲಿ. ಏಳು ಮಂದಿ ಹಿಂದಿನ ಖೋಲ್ಯಾಗ ಮಲಗ್ತಿದ್ವಿ, ಕಾಲು ಚಾಚಾಕ ಜಾಗ ಇಲ್ಲ. ಮುಂದಿಂದು ಖಾಲಿ, ಬೀಗ. ಮೂರು ಹೆಣ್ಮಕ್ಕಳು ನೋಡ್ರಿ ನನಗ. ಹೆಣ್ಣು ಕೇಳಾಕ ಬಂದವರಿಗೆ ಕೂಡಾಕ ಒಂದು ಚೊಲೋ ಜಾಗ ಬ್ಯಾಡೇನು? ಯಾರೂ ಬರೂದಿಲ್ಲ ಅಂತ ಬೀಗ ಹಾಕೂದಿಲ್ಲಮ್ಮಾ. ಬಂದ ಬರ್ತಾರ ಅಂತ ಹಾಕ್ತೀವಿ."

ತಹಮೀನಾ ಅದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಪರೀಕ್ಷಕಿ ಕನ್ನಡಕ ತೆಗೆದರು. "ನನ್ನ ಅಜ್ಜ ಗಣಿಯಲ್ಲಿ ದುಡಿದವನು. ಅಜ್ಜಿಯೂ ಮುಂದಿನ ಕೋಣೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ನಾನು ಕಂಡಂತೆ ಅದು ತೆರೆದದ್ದು ಎರಡೇ ಸಲ. ಚಿಕ್ಕಮ್ಮನ ಮದುವೆಗೆ, ಆಮೇಲೆ ಅಜ್ಜನನ್ನು ಮಲಗಿಸಲು. ಒಂಟಿತನ ಎಂದು ಬರೆದವರಲ್ಲಿ ನಾನೂ ಒಬ್ಬಳು. ನಾನು ತಪ್ಪು ಬರೆದೆ."

ಆಮೇಲೆ, "ನಿಮ್ಮ ಪಕ್ಕ ಹೂವಿನ ಮಾಲೆ ಹಾಕಿಕೊಂಡು ಕೂತವರು ಯಾರು?" ಎಂದರು.

"ಇದನ್ನೆಲ್ಲ ಕಲಿಸಿದ ನನ್ನ ಮೇಡಂ. ನಿನ್ನೆ ತೀರಿಕೊಂಡರು."

ಇಂಗ್ಲೆಂಡಿನಲ್ಲಿ ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದು ಮಾನ್ವಿಯ ಪಡಸಾಲೆಗೆ ಕೇಳಿತು. ಆ ಹೆಂಗಸು ಎದ್ದು ನಿಂತರು. ನಿಂತುಕೊಂಡೇ ತಮ್ಮ ತೀರ್ಪು ಹೇಳಿದರು: ಒಂದಕ್ಷರವೂ ತಿದ್ದುವುದು ಬೇಡ, ಪದವಿ ಕೊಡಿ.

"ಏನಂದ್ಳು? ಪಾಸಾತೇನು?" ಎಂದಳು ದಾವಲ್ ಬೀ.

"ಆತು ಖಾಲಾ. ನಮ್ಮೆಲ್ಲಾರ್ದೂ ಆತು." ತಹಮೀನಾ ಮೇಡಂ ಕಾಲಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಕ್ಕಂತೆಯೂ ಕೇಳುತ್ತಿತ್ತು.

"ಯಲ್ಲಾಲಿಂಗಾ," ವಿರೂಪಣ್ಣ ಕೂಗಿದರು, "ಈಗ ಹೊಡಿಯಪಾ ತಾಳ! ಓಣಿಗೆಲ್ಲಾ ಕೇಳ್ಲಿ!"

*

ಐದಕ್ಕೆ ಬಿದಿರಿನ ವಿಮಾನದಲ್ಲಿ ಮೇಡಂ ಅವರನ್ನು ಕೂರಿಸಿ ಹೆಗಲಿಗೆತ್ತಿದರು. ಓಣಿಯ ತುದಿಯ ಬನ್ನಿಗಿಡದವರೆಗೆ ಹೆಂಗಸರು ಬಂದು ಅಲ್ಲಿಂದ ಹಿಂದಿರುಗಬೇಕು, ಅದು ರೂಢಿ. ಹಾಗೆಯೇ ನಿಂತರು. ವಿಮಾನವೂ ನಿಂತಿತು.

ಮುಂದಿನ ಗಳಕ್ಕೆ ಹೆಗಲು ಕೊಟ್ಟಿದ್ದ ಅಂಬರೀಶ ಹಿಂತಿರುಗಿ ನೋಡಿದ. "ಡಾಕ್ಟ್ರ, ಬರ್ರಿ ಇಲ್ಲೆ," ಎಂದ. "ಖಾಲಾ, ನೀವೂ ಬರ್ರಿ."

ಹಿರಿಯರೊಬ್ಬರು ಏನೋ ಗೊಣಗಿದರು. ಅಂಬರೀಶ ಕೇಳಿಸಿಕೊಳ್ಳಲಿಲ್ಲ. ಗಳವನ್ನು ತನ್ನ ಹೆಗಲಿನಿಂದ ತೆಗೆದು ತಹಮೀನಾಳ ಹೆಗಲ ಮೇಲೆ ಇಟ್ಟ. ಅವಳು ಗಿಡ್ಡ. ವಿಮಾನ ಆ ಕಡೆಗೆ ಬಾಗಿತು, ಮೇಡಂ ಅವಳ ಕಡೆಗೆ ವಾಲಿದರು. ಯಾರೋ ನೆಟ್ಟಗೆ ಮಾಡಲು ಕೈ ಚಾಚಿದರು.

"ಬಿಡ್ರಿ, ಹಂಗ ಇರ್ಲಿ," ಎಂದರು ವಿರೂಪಣ್ಣ.

ಬನ್ನಿಗಿಡ ಹಿಂದೆ ಉಳಿಯಿತು. ಮಿಲ್ಲಿನ ಹೆಂಗಸರೆಲ್ಲ ವಿಮಾನದ ಹಿಂದೆ ನಡೆಯುತ್ತಿದ್ದರು.